ಚಳಿಗೆ ರಕ್ತಕಣ ಒಡೆಯುವ ಕಾಯಿಲೆ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲ್ಡ್ ಅಗ್ಲುಟಿನಿನ್ ಕಾಯಿಲೆ ತುಂಬಾ ಅಪರೂಪ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಹೊಸದಾಗಿ ಒಬ್ಬರಿಗೆ ಬಂದರೆ ಹೆಚ್ಚು. ಹಾಗಾಗಿ ಇದು ಬಂದ ಮನೆಯವರಿಗೆ "ನಮಗೂ ಹೀಗೇ ಆಗಿತ್ತು" ಅನ್ನುವವರು ಅಕ್ಕಪಕ್ಕ ಸಿಗುವುದಿಲ್ಲ. ನನ್ನ ಅಕ್ಕನಿಗೆ ಈ ಕಾಯಿಲೆ ಇದೆ. ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವಳು. ಅದು ಗೊತ್ತಿರುವವರು ಮದುವೆ ಮನೆಯಲ್ಲಿ, ಸಂತೆಯಲ್ಲಿ, ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು, ಅವರು ಕೇಳಿದ ಹಾಗೇ, ಇಲ್ಲಿ ಸೇರಿಸಿದ್ದೇನೆ. ಯಾರಿಗೆ ಯಾವ ಔಷಧಿ ಅನ್ನುವುದನ್ನು ಅವರವರ ಡಾಕ್ಟರೇ ಹೇಳಬೇಕು. ಅವರ ಹತ್ತಿರ ಏನು ಕೇಳಬೇಕು ಅನ್ನುವುದಕ್ಕೆ ಇದು ಸಹಾಯ ಆಗಲಿ.

## ಮೊದಲು ತಿಳಿಯಬೇಕಾದದ್ದು

ರಿಪೋರ್ಟಿನಲ್ಲಿ "ಕೋಲ್ಡ್ ಅಗ್ಲುಟಿನಿನ್" ಅಂತ ಬರೆದಿದ್ದಾರೆ. ಹಾಗಂದ್ರೆ ಏನು?

ಸೋಂಕು ಬಂದಾಗ ಅದರ ಜೊತೆ ಹೋರಾಡಲು ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ಕಾಯಿಲೆಯಲ್ಲಿ ಐಜಿಎಂ ಅನ್ನುವ ಜಾತಿಯ ಪ್ರತಿಕಾಯ ದಾರಿ ತಪ್ಪಿ ನಮ್ಮದೇ ಕೆಂಪು ರಕ್ತಕಣಗಳನ್ನು ಹಿಡಿಯುತ್ತದೆ. ಅದೂ ಯಾವಾಗಲೂ ಅಲ್ಲ, ರಕ್ತ ತಣ್ಣಗಾದಾಗ ಮಾತ್ರ.

ದೇಹದ ಒಳಗೆ 37 ಡಿಗ್ರಿ ಬಿಸಿ ಇದ್ದರೂ ಬೆರಳ ತುದಿ, ಕಿವಿ, ಮೂಗಿನ ತುದಿಯಲ್ಲಿ ರಕ್ತ 30 ಡಿಗ್ರಿಗಿಂತ ಕೆಳಗೆ ಇಳಿಯಬಹುದು. ಅಲ್ಲಿ ಈ ಪ್ರತಿಕಾಯ ಕಣಗಳಿಗೆ ಅಂಟಿ ಅವುಗಳನ್ನು ಗುಂಪು ಕಟ್ಟಿಸುತ್ತದೆ. ಜೊತೆಗೆ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳನ್ನೂ ಕಣದ ಮೇಲೆ ಕೂರಿಸುತ್ತದೆ. ರಕ್ತ ತಿರುಗಿ ಒಳಗೆ ಬಂದು ಬಿಸಿಯಾದಾಗ ಪ್ರತಿಕಾಯ ಬಿಟ್ಟುಹೋಗುತ್ತದೆ, ಕಾಂಪ್ಲಿಮೆಂಟ್ ಮಾತ್ರ ಉಳಿದುಬಿಡುತ್ತದೆ. ಆ ಗುರುತು ನೋಡಿ ಲಿವರ್ ಆ ಕಣಗಳನ್ನು ಹಿಡಿದು ನಾಶ ಮಾಡುತ್ತದೆ. ಕೆಲವು ಕಣಗಳು ರಕ್ತನಾಳದ ಒಳಗೇ ಒಡೆಯುತ್ತವೆ. ಹೊಸ ಕಣ ಹುಟ್ಟುವ ವೇಗಕ್ಕಿಂತ ನಾಶ ಆಗುವ ವೇಗ ಜಾಸ್ತಿಯಾದಾಗ ರಕ್ತಹೀನತೆ ಬರುತ್ತದೆ.

ಐರನ್ ಮಾತ್ರೆ ನುಂಗ್ತಾನೇ ಇದ್ದಾರೆ, ರಕ್ತ ಮಾತ್ರ ಏರ್ತಾ ಇಲ್ಲ. ಯಾಕೆ?

ಇಲ್ಲಿ ಕಬ್ಬಿಣದ ಕೊರತೆ ಇಲ್ಲ, ಅದಕ್ಕೇ. ಒಡೆದ ಕಣಗಳ ಕಬ್ಬಿಣ ಹೆಚ್ಚಿನಂಶ ದೇಹದಲ್ಲೇ ಉಳಿಯುತ್ತದೆ.

ನಮ್ಮ ಕಡೆ ಈ ಗೊಂದಲ ಸಹಜ. ತೋಟದ ಕೆಲಸದವರಲ್ಲಿ ಕೊಕ್ಕೆಹುಳದಿಂದ, ಹೆಂಗಸರಲ್ಲಿ ಮುಟ್ಟಿನ ರಕ್ತಸ್ರಾವದಿಂದ, ಸರಿಯಾಗಿ ಊಟ ಇಲ್ಲದ್ದರಿಂದ ಬರುವ ರಕ್ತಹೀನತೆ ಬಹಳ. ಅದಕ್ಕೆ ಐರನ್ ಮಾತ್ರೆಯೇ ಸರಿ. ಹಾಗಾಗಿ ಬಿಳಿಚಿಕೊಂಡವರು ಯಾರೇ ಬಂದರೂ ಮೊದಲು ಅದನ್ನೇ ಕೊಡುತ್ತಾರೆ, ತಪ್ಪಲ್ಲ. ಎರಡು ಮೂರು ತಿಂಗಳು ಸರಿಯಾಗಿ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದೇ ಇದ್ದರೆ, ಕಣ್ಣು ಹಳದಿಯಾಗಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ "ಕಣ ಒಡೆಯುತ್ತಾ ಇದೆಯಾ ನೋಡಿ ಡಾಕ್ಟ್ರೇ" ಅಂತ ಬಾಯಿಬಿಟ್ಟು ಕೇಳಿ. ಫೆರಿಟಿನ್ ಟೆಸ್ಟ್ ಮಾಡಿಸಿದರೆ ಕಬ್ಬಿಣ ಬೇಕಾ ಬೇಡವಾ ಅನ್ನುವುದು ಗೊತ್ತಾಗುತ್ತದೆ.

ಮಡಿಕೇರಿ ಚಳಿಗೆ ಎಲ್ಲರ ಬೆರಳೂ ಮರಗಟ್ಟುತ್ತೆ. ಇದು ಕಾಯಿಲೆ ಅಂತ ಹೇಗೆ ತಿಳಿಯೋದು?

ಚಳಿಗೆ ಬೆರಳು ತಣ್ಣಗಾಗುವುದು ಬೇರೆ, ನೀಲಿಗಟ್ಟಿ ನೇರಳೆ ಬಣ್ಣಕ್ಕೆ ತಿರುಗುವುದು ಬೇರೆ. ಈ ಕಾಯಿಲೆಯಲ್ಲಿ ಬೆರಳು, ಕಿವಿಯ ಅಂಚು, ಮೂಗಿನ ತುದಿ ನೀಲಿಯಾಗಿ ನೋಯುತ್ತವೆ. ಬಿಸಿ ಮಾಡಿದರೆ ಬಣ್ಣ ತಿರುಗಿ ಬರುತ್ತದೆ. ಕೆಲವರಿಗೆ ತಣ್ಣೀರು ಗುಟುಕರಿಸಿದರೂ ಗಂಟಲು ನೋಯುತ್ತದೆ.

ಅದರ ಜೊತೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ನಿದ್ದೆ ಮಾಡಿದರೂ ಹೋಗದ ಸುಸ್ತು, ಎದೆ ಡವಡವ, ಹಳದಿ ಕಣ್ಣು ಇವೆಯಾ ನೋಡಿ. ಚಳಿಯಲ್ಲಿ ಓಡಾಡಿದ ಮೇಲೆ ಮೂತ್ರ ಹಾಲು ಹಾಕದ ಕಾಫಿಯ ಬಣ್ಣಕ್ಕೆ ಬಂದರಂತೂ ತಡ ಮಾಡಬೇಡಿ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲೇ ಇದು ಜಾಸ್ತಿ. ಅದಕ್ಕೇ ಎಷ್ಟೋ ಮನೆಗಳಲ್ಲಿ "ವಯಸ್ಸಾಯ್ತಲ್ಲ, ಸುಸ್ತು ಇದ್ದದ್ದೇ" ಅಂತ ಸುಮ್ಮನಾಗಿಬಿಡುತ್ತಾರೆ. ನನಗೆ ಅತಿ ಬೇಸರ ತರಿಸುವ ಮಾತು ಇದು.

ಕಕ್ಕಡದಲ್ಲಿ ಮದ್ದು ಸೊಪ್ಪು ತಿಂದಾಗಲೂ ಮೂತ್ರ ಕೆಂಪಾಗುತ್ತಲ್ಲ? ಅದಕ್ಕೂ ಹೆದರಬೇಕಾ?

ಒಳ್ಳೆಯ ಪ್ರಶ್ನೆ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಪುಟ್ಟು, ಪಾಯಸ ಮಾಡಿ ತಿಂದವರಿಗೆಲ್ಲ ಮೂತ್ರದ ಬಣ್ಣ ಬದಲಾಗುತ್ತದೆ. ಅದು ಸೊಪ್ಪಿನ ಬಣ್ಣ ಅಷ್ಟೆ. ಮನೆಯಲ್ಲಿ ತಿಂದ ಎಲ್ಲರಿಗೂ ಹಾಗೇ ಆಗಿರುತ್ತದೆ, ಬೇಗ ತಿಳಿಯಾಗುತ್ತದೆ, ಸುಸ್ತು ಇರುವುದಿಲ್ಲ.

ಕಷ್ಟ ಏನೆಂದರೆ, ಇಡೀ ವರ್ಷದಲ್ಲಿ ಚಳಿ ಮಳೆ ಗಾಳಿ ಮೂರೂ ಸೇರುವ ಕಾಲವೂ ಅದೇ. ಕಾಯಿಲೆ ಇರುವವರ ಮೂತ್ರ ನಿಜವಾಗಿ ಕಪ್ಪಾದರೂ "ಸೊಪ್ಪಿನದು" ಅಂತ ಬಿಟ್ಟುಬಿಡುವ ಅಪಾಯ ಇದೆ. ಎರಡು ದಿನ ಕಳೆದರೂ ಬಣ್ಣ ಹೋಗಿಲ್ಲ, ಅಥವಾ ಕಣ್ಣು ಹಳದಿಯಾಗಿದೆ, ಏದುಸಿರು ಇದೆ ಅಂದರೆ ಮೂತ್ರ ಪರೀಕ್ಷೆ ಮಾಡಿಸಿ. ಪಟ್ಟಿ ಅದ್ದಿ ನೋಡುವ ಟೆಸ್ಟಿನಲ್ಲಿ "ರಕ್ತ ಇದೆ" ಅಂತ ಬಂದು, ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕೆಂಪು ಕಣಗಳೇ ಕಾಣದಿದ್ದರೆ ಒಡೆದ ಕಣದ ಹಿಮೋಗ್ಲೋಬಿನ್ ಮೂತ್ರದಲ್ಲಿ ಹೋಗುತ್ತಿರುವ ಸಾಧ್ಯತೆ ಜಾಸ್ತಿ.

ಇದು ಅಂಟುತ್ತಾ? ಮಕ್ಕಳಿಗೆ ಬರುತ್ತಾ?

ಅಂಟುವುದಿಲ್ಲ. ತಂದೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕಾಯಿಲೆಯೂ ಅಲ್ಲ.

ಕೊಡಗಿನ ಚಳಿಯಿಂದಲೇ ಬಂತಾ ಹಾಗಾದ್ರೆ?

ಚಳಿ ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಇರುವ ಕಾಯಿಲೆಯನ್ನು ಕೆರಳಿಸುತ್ತದೆ. ಬಹಳ ಜನರಲ್ಲಿ ಮೂಲ ಇರುವುದು ಮೂಳೆಯ ಮಜ್ಜೆಯಲ್ಲಿ. ಬಿ ಲಿಂಫೋಸೈಟ್ ಅನ್ನುವ ಬಿಳಿ ಕಣಗಳ ಒಂದು ಸಣ್ಣ ಗುಂಪು ನಿಧಾನಕ್ಕೆ ಬೆಳೆದು ಒಂದೇ ತರದ ಐಜಿಎಂ ಅನ್ನು ತಯಾರಿಸುತ್ತಾ ಇರುತ್ತದೆ. ಇನ್ನು ಕೆಲವರಲ್ಲಿ ಮೈಕೋಪ್ಲಾಸ್ಮಾ ನ್ಯುಮೋನಿಯಾ ಅಥವಾ ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಬರುತ್ತದೆ. ಹಾಗೆ ಬಂದದ್ದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಲಿಂಫೋಮಾ, ಅಂದರೆ ಲಿಂಫೋಸೈಟ್ ಕಣಗಳ ಕ್ಯಾನ್ಸರ್, ಜೊತೆ ಬರುವುದೂ ಉಂಟು.

## ಟೆಸ್ಟುಗಳ ವಿಷಯ

"ಸ್ಯಾಂಪಲ್ ಸರಿ ಇಲ್ಲ, ಮತ್ತೆ ಕೊಡಿ" ಅಂತ ಲ್ಯಾಬಿನಿಂದ ಪದೇ ಪದೇ ಫೋನ್ ಬರುತ್ತೆ. ಯಾಕೆ ಹೀಗೆ?

ಆ ಫೋನೇ ಒಂದು ಸುಳಿವು. ನಾನು ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಈ ಕಾಯಿಲೆ ಇರುವವರ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿಗೆ ತೆಗೆದು ಜುಲೈ ತಿಂಗಳ ಮಡಿಕೇರಿಯಲ್ಲಿ ಸುಮ್ನೆ ಟೇಬಲ್ ಮೇಲೆ ಇಟ್ಟರೆ ಸಾಕು. ಸ್ವಲ್ಪ ಹೊತ್ತಿಗೆ ಟ್ಯೂಬನ್ನು ಓರೆ ಮಾಡಿ ನೋಡಿದರೆ ಗಾಜಿನ ಮೇಲೆ ರಕ್ತ ಒಂದೇ ಸಮ ಜಾರದೆ ಸಣ್ಣ ಸಣ್ಣ ಕಾಳು ಕಾಳಾಗಿ ಅಂಟಿರುವುದು ಕಾಣುತ್ತದೆ. ನೋಡಿದವರು ಹೆಪ್ಪುಗಟ್ಟಿದೆ ಅಂತ ಚೆಲ್ಲಿಬಿಡುತ್ತಾರೆ. ಅದೇ ಟ್ಯೂಬನ್ನು 37 ಡಿಗ್ರಿ ನೀರಿನಲ್ಲಿ ಇಟ್ಟು ನೋಡಿ, ಕಾಳುಗಳು ಕರಗಿ ರಕ್ತ ಮೊದಲಿನ ಹಾಗೆ ಹರಿಯುತ್ತದೆ. ನಿಜವಾದ ಹೆಪ್ಪು ಹಾಗೆ ಕರಗುವುದಿಲ್ಲ.

ಮೆಷಿನ್ನಿಗೂ ಇದೇ ಮೋಸ. ಗುಂಪು ಕಟ್ಟಿದ ಕಣಗಳನ್ನು ಅದು ಒಂದೇ ದೊಡ್ಡ ಕಣ ಅಂತ ಎಣಿಸುತ್ತದೆ. ಹಾಗಾಗಿ ಕೆಂಪು ಕಣದ ಎಣಿಕೆ ತೀರಾ ಕಡಿಮೆ, ಎಂಸಿವಿ (ಕಣದ ಸರಾಸರಿ ಗಾತ್ರ) ಜಾಸ್ತಿ, ಎಂಸಿಎಚ್‌ಸಿ (ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನುವ ಲೆಕ್ಕ) ಇರಲು ಸಾಧ್ಯವೇ ಇಲ್ಲದಷ್ಟು ಜಾಸ್ತಿ ಬರುತ್ತದೆ. ಎಂಸಿಎಚ್‌ಸಿ ಸಾಮಾನ್ಯವಾಗಿ 36 ದಾಟುವುದಿಲ್ಲ. 40ರ ಮೇಲೆ ಕಂಡರೆ ಸ್ಯಾಂಪಲ್ ಬಿಸಿ ಮಾಡಿ ಮತ್ತೆ ಹಾಕಬೇಕು. ಹಿಮೋಗ್ಲೋಬಿನ್ ಅಳೆಯುವಾಗ ಕಣಗಳನ್ನು ಒಡೆದೇ ಅಳೆಯುವುದರಿಂದ ಆ ಒಂದು ಅಂಕಿಯನ್ನು ಸಾಮಾನ್ಯವಾಗಿ ನಂಬಬಹುದು. ಅಕ್ಕನ ಹಳೇ ರಿಪೋರ್ಟುಗಳಲ್ಲೆಲ್ಲ ಈ ವಿಚಿತ್ರ ಅಂಕಿಗಳು ಇದ್ದವು. ಒಂದು ಕಡೆ ಅದನ್ನು ಮೆಷಿನ್ ತಪ್ಪು ಅಂತ ಪೆನ್ನಿನಲ್ಲಿ ಹೊಡೆದು ಹಾಕಿದ್ದರು. ದಯವಿಟ್ಟು ಹಳೇ ರಿಪೋರ್ಟುಗಳನ್ನು ಎಸೆಯಬೇಡಿ. ರಕ್ತದ ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲವನ್ನೂ ತೆಗೆದುಕೊಂಡು ಹೋಗಿ.

ಯಾವ ಯಾವ ಟೆಸ್ಟ್ ಮಾಡಿಸಬೇಕು?

ಕಣ ಒಡೆಯುತ್ತಿದೆಯಾ ಅಂತ ತಿಳಿಯಲು ಎಲ್‌ಡಿಎಚ್, ಬಿಲಿರುಬಿನ್, ಹ್ಯಾಪ್ಟೋಗ್ಲೋಬಿನ್, ರೆಟಿಕ್ಯುಲೋಸೈಟ್ ಎಣಿಕೆ. ಮೊದಲ ಎರಡು ಏರಿರುತ್ತವೆ, ಹ್ಯಾಪ್ಟೋಗ್ಲೋಬಿನ್ ಇಳಿದಿರುತ್ತದೆ, ಎಳೇ ಕಣಗಳಾದ ರೆಟಿಕ್ಯುಲೋಸೈಟ್ ಸಾಮಾನ್ಯವಾಗಿ ಜಾಸ್ತಿ ಇರುತ್ತವೆ.

ಒಡೆಯುವುದಕ್ಕೆ ಪ್ರತಿಕಾಯವೇ ಕಾರಣವಾ ಅಂತ ಹೇಳುವುದು ಕೂಂಬ್ಸ್ ಟೆಸ್ಟ್. 1945ರಿಂದ ಬಳಕೆಯಲ್ಲಿರುವ ಪರೀಕ್ಷೆ ಇದು. ಇಲ್ಲಿ "ಪಾಸಿಟಿವ್" ಅಂತ ಬಂದರೆ ಸಾಲದು. ಯಾವುದಕ್ಕೆ ಪಾಸಿಟಿವ್ ಅಂತ ಕೇಳಿ. ಈ ಕಾಯಿಲೆಯಲ್ಲಿ ಸಿ3ಡಿಗೆ (ಕಣದ ಮೇಲೆ ಉಳಿದ ಕಾಂಪ್ಲಿಮೆಂಟಿನ ತುಣುಕು) ಪಾಸಿಟಿವ್ ಇರುತ್ತದೆ, ಐಜಿಜಿ ಅನ್ನುವ ಇನ್ನೊಂದು ಜಾತಿಯ ಪ್ರತಿಕಾಯಕ್ಕೆ ನೆಗೆಟಿವ್ ಅಥವಾ ಸ್ವಲ್ಪ ಮಾತ್ರ ಪಾಸಿಟಿವ್. ಐಜಿಜಿಗೆ ಬಲವಾಗಿ ಪಾಸಿಟಿವ್ ಬಂದರೆ ಅದು ಪ್ರತಿಕಾಯ ಬಿಸಿಯಲ್ಲೇ ಕೆಲಸ ಮಾಡುವ ಇನ್ನೊಂದು ಜಾತಿಯ ಕಾಯಿಲೆ ಇರಬಹುದು. ಅದರ ಚಿಕಿತ್ಸೆಯೇ ಬೇರೆ. ಕೊನೆಗೆ ಕೋಲ್ಡ್ ಅಗ್ಲುಟಿನಿನ್ ಟೈಟರ್, ಅಂದರೆ ಈ ಪ್ರತಿಕಾಯ ಎಷ್ಟು ಇದೆ ಅನ್ನುವ ಅಳತೆ. 4 ಡಿಗ್ರಿಯಲ್ಲಿ 64 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಕಾಯಿಲೆ ಅನ್ನುವುದಕ್ಕೆ ಬಲ ಬರುತ್ತದೆ. ಆಮೇಲೆ ಸೀರಮ್ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಮಜ್ಜೆಯ ಪರೀಕ್ಷೆ, ಸ್ಕ್ಯಾನ್. ಲಿಂಫೋಮಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಇವು.

ರಕ್ತ ತೆಗೆದು ಮೈಸೂರಿಗೆ ಕಳಿಸ್ತಾರೆ. ಅದರಿಂದ ಏನಾದರೂ ತೊಂದರೆ ಇದೆಯಾ?

ಟೈಟರ್ ಟೆಸ್ಟಿಗೆ ಇದೆ. ರಕ್ತವನ್ನು ಐಸ್ ಡಬ್ಬಿಯಲ್ಲಿ ಹಾಕಿ ಘಾಟಿ ಇಳಿಸಿದರೆ ದಾರಿಯಲ್ಲೇ ಪ್ರತಿಕಾಯ ಎಲ್ಲ ಕಣಗಳಿಗೆ ಅಂಟಿ, ಸೀರಮ್ಮಿನಲ್ಲಿ ಏನೂ ಉಳಿಯದೆ, ಟೈಟರ್ ಸುಳ್ಳಾಗಿ ಕಡಿಮೆ ಬರುತ್ತದೆ. ತೆಗೆದ ಹೊತ್ತಿನಿಂದ ಸೀರಮ್ ಬೇರೆ ಮಾಡುವ ತನಕ ಟ್ಯೂಬ್ 37 ಡಿಗ್ರಿಯಲ್ಲೇ ಇರಬೇಕು. ಟ್ಯೂಬನ್ನು ಮೊದಲೇ ಬೆಚ್ಚಗೆ ಮಾಡಿ, ರಕ್ತ ತೆಗೆದು, 37 ಡಿಗ್ರಿ ನೀರಿರುವ ಫ್ಲಾಸ್ಕಿನಲ್ಲಿಟ್ಟು ಲ್ಯಾಬಿಗೆ ಮುಟ್ಟಿಸಬೇಕು. ಕುದಿಯುವ ನೀರು ಹಾಕಿದರೆ ಸ್ಯಾಂಪಲ್ ಹಾಳು, ಥರ್ಮಾಮೀಟರ್ ಇಟ್ಟೇ ನೋಡಿ. ಬಿಸಿಯಲ್ಲೇ ಸೀರಮ್ ಬೇರೆ ಮಾಡಿಬಿಟ್ಟರೆ ಆಮೇಲೆ ಅದನ್ನು ತಣ್ಣಗೆ ಕಳಿಸಿದರೂ ಪರವಾಗಿಲ್ಲ. ಅಷ್ಟನ್ನು ಊರಿನ ಲ್ಯಾಬಿನಲ್ಲೇ ಮಾಡಿಕೊಡಲು ಕೇಳಬಹುದು. ಆಗದಿದ್ದರೆ ಟೆಸ್ಟ್ ಮಾಡುವ ಜಾಗಕ್ಕೇ ಹೋಗಿ ರಕ್ತ ಕೊಡುವುದು ಉತ್ತಮ.

ಹಾಡಿಗಳಲ್ಲಿ ಸಿಕಲ್ ಸೆಲ್ ಅಂತ ಟೆಸ್ಟ್ ಮಾಡ್ತಾರಲ್ಲ, ಇದು ಅದೇನಾ?

ಅಲ್ಲ. ಸಿಕಲ್ ಸೆಲ್ ಹುಟ್ಟಿನಿಂದಲೇ ಬರುವ, ತಂದೆ ತಾಯಿಯಿಂದ ಬರುವ ಕಾಯಿಲೆ. ಅದರಲ್ಲಿ ಹಿಮೋಗ್ಲೋಬಿನ್ನೇ ಬೇರೆ ತರ ಇರುತ್ತದೆ. ಅದಕ್ಕಾಗಿ 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಭಿಯಾನ ಶುರು ಮಾಡಿದೆ, ಬುಡಕಟ್ಟು ಸಮುದಾಯದವರು ಖಂಡಿತ ಆ ತಪಾಸಣೆ ಮಾಡಿಸಿಕೊಳ್ಳಬೇಕು. ಆ ಟೆಸ್ಟಿನಲ್ಲಿ ಕೋಲ್ಡ್ ಅಗ್ಲುಟಿನಿನ್ ಗೊತ್ತಾಗುವುದಿಲ್ಲ.

## ಮಳೆಗಾಲ, ಮನೆ, ತೋಟ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಿಸಿಲೇ ಇಲ್ಲ. ಹೇಗೆ ನೋಡಿಕೊಳ್ಳೋದು?

ಬೆಚ್ಚಗಿರುವುದೂ ಚಿಕಿತ್ಸೆಯೇ. ಮಾತ್ರೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಸ್ವೆಟರ್ ಹಾಕಿದರೆ ಆಯಿತು ಅಂದುಕೊಳ್ಳುತ್ತಾರೆ. ಮೈಗಿಂತ ಕೈ, ಕಾಲು, ಕಿವಿ, ಮೂಗು ಮುಖ್ಯ. ಮಂಗನ ಟೋಪಿ ಅಥವಾ ಕಿವಿ ಮುಚ್ಚುವ ಮಫ್ಲರ್, ಉಣ್ಣೆಯ ಕೈಗವಸು, ಎರಡು ಜೊತೆ ಕಾಲುಚೀಲ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಗೊತ್ತಲ್ವಾ. ಹಸಿ ಕಾಲುಚೀಲ ಹಾಕಿಕೊಂಡರೆ ಬರಿಗಾಲಿಗಿಂತ ಕೆಟ್ಟದು. ಅವರ ಬಟ್ಟೆಗೆ ಒಲೆಯ ಮೇಲಿನ ಹಗ್ಗದಲ್ಲಿ ಮೊದಲ ಜಾಗ ಕೊಡಿ.

ಪಾತ್ರೆ ತೊಳೆಯುವುದು, ಸೊಪ್ಪು ತೊಳೆಯುವುದು, ಫ್ರಿಜ್ಜಿನಿಂದ ಸಾಮಾನು ತೆಗೆಯುವುದು ಬೇರೆಯವರು ಮಾಡಲಿ, ಇಲ್ಲವಾದರೆ ಕೈಗೆ ರಬ್ಬರ್ ಗ್ಲೌಸ್, ಬಿಸಿನೀರು. ಮನೆಯ ಹೆಂಗಸಿಗೆ ಕಾಯಿಲೆ ಬಂದಾಗ ಈ ಒಂದು ವಿಷಯ ಹೇಳಿ ಒಪ್ಪಿಸುವುದೇ ಕಷ್ಟ. ಅವರೂ ಬಿಡುವುದಿಲ್ಲ, ಮನೆಯವರೂ ಗಮನಿಸುವುದಿಲ್ಲ. ಕರೆಂಟು ಹೋದರೆ ಗೀಸರ್ ನಂಬಲಾಗದು, ಬಚ್ಚಲೊಲೆ ಇದ್ದರೆ ಅದನ್ನೇ ಉಳಿಸಿಕೊಳ್ಳಿ. ಸ್ನಾನ ಮುಗಿಸಿ ತಣ್ಣನೆ ನೆಲದ ಮೇಲೆ ನಿಲ್ಲದೆ ಅಲ್ಲೇ ಮೈ ಒರೆಸಿ ಬಟ್ಟೆ ಹಾಕಿಕೊಂಡು ಹೊರಗೆ ಬರಲಿ.

ಎರಡು ಎಚ್ಚರಿಕೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ, ಅದರ ವಿಷಗಾಳಿ ಜೀವ ತೆಗೆಯುತ್ತದೆ. ಮರಗಟ್ಟಿದ ಬೆರಳಿಗೆ ಬಿಸಿನೀರಿನ ಚೀಲ ನೇರವಾಗಿ ಇಡಬೇಡಿ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ತೋಟದ ಕೆಲಸಕ್ಕೆ ಹೋಗಬಹುದಾ?

ಹಿಮೋಗ್ಲೋಬಿನ್ ಎಷ್ಟಿದೆ ಅನ್ನುವುದರ ಮೇಲೆ. ಮಳೆಯಲ್ಲಿ ಕೆಸರಿಗಿಳಿದು ನಾಟಿ ಮಾಡುವುದು ಖಂಡಿತ ಬೇಡ. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಗಿಡದ ಎಲೆಯೆಲ್ಲ ಇಬ್ಬನಿಯಲ್ಲಿ ತೋಯ್ದಿರುತ್ತದೆ, ಹತ್ತು ನಿಮಿಷದಲ್ಲಿ ಕೈ ಮಂಜುಗಟ್ಟುತ್ತದೆ. ಬಿಸಿಲು ಬಂದ ಮೇಲೆ ಹೋಗಿ. ಕಣದಲ್ಲಿ ಕಾಫಿ ಒಣಗಿಸುವ, ಲೆಕ್ಕ ಬರೆಯುವ ಕೆಲಸ ಆಗುತ್ತದೆ. ಸ್ಕೂಟರಿನಲ್ಲಿ ಹೋದರೆ ಗಾಳಿಗೆ ಕೈ ಬಹಳ ಬೇಗ ತಣ್ಣಗಾಗುತ್ತದೆ. ಆದಷ್ಟು ಬಸ್ಸು, ಜೀಪು.

ಊರು ಬಿಟ್ಟು ಮೈಸೂರಿಗೋ ಮಂಗಳೂರಿಗೋ ಹೋಗಿಬಿಟ್ಟರೆ ವಾಸಿಯಾಗುತ್ತಾ?

ವಾಸಿಯಾಗುವುದಿಲ್ಲ, ಕೆಲವರಿಗೆ ತೊಂದರೆ ಕಡಿಮೆಯಾಗುತ್ತದೆ. ಬೆಚ್ಚಗಿನ ಊರಿನಲ್ಲಿ ಇರುವವರಿಗೂ ಕಣ ಒಡೆಯುವುದು ಪೂರ್ತಿ ನಿಲ್ಲುವುದಿಲ್ಲ. ಮಕ್ಕಳು ಅಲ್ಲಿದ್ದರೆ ಮಳೆಗಾಲದ ಎರಡು ತಿಂಗಳು ಹೋಗಿ ಇದ್ದು ಬರುವುದು ಒಳ್ಳೆಯದೇ. ತೋಟ, ಮನೆ, ಜನ ಎಲ್ಲ ಬಿಟ್ಟು ಶಾಶ್ವತವಾಗಿ ಹೋಗಬೇಕಾ ಅನ್ನುವುದನ್ನು ಚಿಕಿತ್ಸೆ ಹೇಗೆ ಹಿಡಿಯುತ್ತದೆ ನೋಡಿಕೊಂಡು ತೀರ್ಮಾನಿಸಿ. ಎಸಿ ಬಸ್ಸಿನಲ್ಲಿ ಹೋಗುವಾಗ ಶಾಲು ಮರೆಯಬೇಡಿ.

ಬೀಟ್‌ರೂಟ್, ದಾಳಿಂಬೆ, ಖರ್ಜೂರ ಕೊಟ್ಟರೆ ರಕ್ತ ಹೆಚ್ಚುತ್ತಾ?

ತಿನ್ನಲಿ, ಒಳ್ಳೆಯದೇ. ಅದರಿಂದ ಈ ಕಾಯಿಲೆ ಇಳಿಯುವುದಿಲ್ಲ. ಕಣಗಳನ್ನು ಬೇಗ ಬೇಗ ತಯಾರಿಸುವಾಗ ಫೋಲಿಕ್ ಆಮ್ಲ ಜಾಸ್ತಿ ಖರ್ಚಾಗುವುದರಿಂದ ಡಾಕ್ಟರ್ ಅದರ ಮಾತ್ರೆ ಬರೆಯುತ್ತಾರೆ, ಬಿಡದೆ ತೆಗೆದುಕೊಳ್ಳಿ. ಬೀಡಿ ಸಿಗರೇಟು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಬಿಗಿ ಮಾಡುತ್ತದೆ. "ಚಳಿಗೆ ಒಂದು ಪೆಗ್" ಅನ್ನುವ ಮಾತೂ ಇಲ್ಲಿ ಸಲ್ಲದು. ಕುಡಿದಾಗ ಬೆಚ್ಚಗೆ ಅನ್ನಿಸುತ್ತದೆ, ನಿಜವಾಗಿ ಮೈಯ ಬಿಸಿ ಚರ್ಮದಿಂದ ಹೊರಗೆ ಹೋಗುತ್ತಿರುತ್ತದೆ.

## ಚಿಕಿತ್ಸೆ

ಸ್ಟಿರಾಯ್ಡ್ ಕೊಟ್ಟರೆ ಸಾಕು ಅಂತಾರೆ. ಗುಲ್ಮ ತೆಗೆಸಿ ಅಂತಲೂ ಅಂತಾರೆ. ಯಾವುದು ಸರಿ?

ಈ ಸಲಹೆಗಳು ಐಜಿಜಿ ಜಾತಿಯ ಕಾಯಿಲೆಗೆ ಸರಿ. ಅದರಲ್ಲಿ ಕಣಗಳು ಒಡೆಯುವುದು ಮುಖ್ಯವಾಗಿ ಗುಲ್ಮದಲ್ಲಿ, ಸ್ಟಿರಾಯ್ಡಿಗೆ ಬಹಳ ಜನ ಸ್ಪಂದಿಸುತ್ತಾರೆ. ಕೋಲ್ಡ್ ಅಗ್ಲುಟಿನಿನ್‌ನಲ್ಲಿ ಕಣಗಳನ್ನು ನಾಶ ಮಾಡುವುದು ಲಿವರ್, ಹಾಗಾಗಿ ಗುಲ್ಮ ತೆಗೆದರೂ ಪ್ರಯೋಜನ ಇಲ್ಲ. ಸ್ಟಿರಾಯ್ಡ್ ಕೆಲವರಿಗೆ ಮಾತ್ರ ಹಿಡಿಯುತ್ತದೆ, ಅದಕ್ಕೂ ದೊಡ್ಡ ಡೋಸ್ ಬೇಕು. ವರ್ಷಗಟ್ಟಲೆ ತಿಂದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಸೋಂಕು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದು ಅಪಾಯ. ಡಾಕ್ಟರ್ ಹತ್ತಿರ ಮಾತಾಡಿ ನಿಧಾನಕ್ಕೆ ಇಳಿಸಬೇಕು.

ಎಲ್ಲರಿಗೂ ಔಷಧಿ ಬೇಕೇ ಬೇಕಾ?

ಇಲ್ಲ. ಹಿಮೋಗ್ಲೋಬಿನ್ ತಕ್ಕಮಟ್ಟಿಗೆ ಇದ್ದು, ದಿನದ ಕೆಲಸಕ್ಕೆ ತೊಂದರೆ ಇಲ್ಲದವರು ಬೆಚ್ಚಗಿದ್ದುಕೊಂಡು ಕೆಲವು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿಕೊಂಡರೆ ಸಾಕಾಗಬಹುದು.

ರಿಟುಕ್ಸಿಮ್ಯಾಬ್ ಕ್ಯಾನ್ಸರ್ ಔಷಧಿ ಅಲ್ವಾ? ಅಮ್ಮನಿಗೆ ಕ್ಯಾನ್ಸರ್ ಇದೆ ಅಂತಾನಾ?

ಹಾಗಲ್ಲ. ತಪ್ಪು ಪ್ರತಿಕಾಯ ತಯಾರಿಸುವ ಬಿ ಕಣಗಳನ್ನು ಇದು ಕಡಿಮೆ ಮಾಡುತ್ತದೆ, ಅದಕ್ಕೇ ಇಲ್ಲೂ ಬಳಸುತ್ತಾರೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ನಾಲ್ಕು ಸಲ ಡ್ರಿಪ್ಪಿನಲ್ಲಿ ಕೊಡುತ್ತಾರೆ. ಸುಮಾರು ಅರ್ಧದಷ್ಟು ಜನರಿಗೆ ಗುಣ ಕಾಣುತ್ತದೆ, ಒಂದು ವರ್ಷದ ಸುಮಾರಿಗೆ ಎಷ್ಟೋ ಜನರಲ್ಲಿ ಕಾಯಿಲೆ ಮರಳುತ್ತದೆ, ಆಗ ಮತ್ತೆ ಕೊಡಬಹುದು. ಗಟ್ಟಿಮುಟ್ಟಾಗಿರುವವರಿಗೆ ಇದರ ಜೊತೆ ಬೆಂಡಮುಸ್ಟಿನ್ ಅನ್ನುವ ಕೀಮೋ ಔಷಧಿ ಸೇರಿಸುತ್ತಾರೆ. ಆಗ ಇನ್ನೂ ಜಾಸ್ತಿ ಜನರಿಗೆ ಗುಣವಾಗುತ್ತದೆ, ವರ್ಷಗಟ್ಟಲೆ ನಿಲ್ಲುತ್ತದೆ. ಬಿಳಿ ಕಣ ಇಳಿಯುವ, ಸೋಂಕು ತಗಲುವ ಭಯವೂ ಹೆಚ್ಚು. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು. ಒಳಗೆ ಅಡಗಿದ್ದ ಆ ವೈರಸ್ ಈ ಔಷಧಿಯಿಂದ ಮತ್ತೆ ಎದ್ದುಬಿಡಬಹುದು.

ರಕ್ತ ಹಾಕಿಸಬೇಕು ಅಂದಿದ್ದಾರೆ. ಏನು ಹೇಳಬೇಕು ನಾವು?

ರಕ್ತನಿಧಿಯವರಿಗೂ ವಾರ್ಡಿನವರಿಗೂ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ. ಈ ಪ್ರತಿಕಾಯದಿಂದ ರಕ್ತದ ಗುಂಪು ನೋಡುವಾಗಲೂ, ಕೊಡುವವರ ರಕ್ತದ ಜೊತೆ ಹೊಂದಿಸಿ ನೋಡುವಾಗಲೂ ಗೊಂದಲವಾಗುತ್ತದೆ, ಸ್ಯಾಂಪಲ್ ಬಿಸಿಯಲ್ಲಿಟ್ಟು ಮಾಡಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ಫ್ರಿಜ್ಜಿನಿಂದ ತೆಗೆದ ರಕ್ತ ನೇರವಾಗಿ ಮೈಗೆ ಹೋಗಬಾರದು. ಬ್ಲಡ್ ವಾರ್ಮರ್ ಅನ್ನುವ ಯಂತ್ರದ ಮೂಲಕ ಹೋಗಬೇಕು. ಚೀಲವನ್ನು ಬಿಸಿನೀರಿನಲ್ಲಿ ಅದ್ದಿ ಕಾಯಿಸುವುದು ಯಾವ ಕಾರಣಕ್ಕೂ ಬೇಡ, ಕಣಗಳು ಅಲ್ಲೇ ಒಡೆದುಹೋಗುತ್ತವೆ. ಸೂಜಿ ಹಾಕಿದ ಕೈಗೆ ಕಂಬಳಿ ಹೊದಿಸಿ, ಗ್ಲೂಕೋಸ್, ಸಲೈನ್ ಕೂಡ ಬೆಚ್ಚಗಿರಲಿ. ಮುಂಜಾಗ್ರತೆ ಇದ್ದರೆ ಈ ಕಾಯಿಲೆಯವರಿಗೂ ರಕ್ತ ಕೊಡಬಹುದು.

ಜ್ವರ ಬಂದರೆ ಮೈ ಬಿಸಿಯಾಗಿರುತ್ತಲ್ಲ, ಆಗ ಕಾಯಿಲೆ ಕಡಿಮೆ ಇರಬೇಕಲ್ವಾ?

ಹಾಗೆ ಅನ್ನಿಸುತ್ತದೆ, ಆಗುವುದು ಉಲ್ಟಾ. ಸೋಂಕು ಬಂದಾಗ ದೇಹ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಜಾಸ್ತಿ ತಯಾರಿಸುತ್ತದೆ, ಕಣ ಒಡೆಯುವುದೂ ಜಾಸ್ತಿಯಾಗುತ್ತದೆ. ಅದರ ಮೇಲೆ ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರದ ಭಯ. ಅದರಲ್ಲೂ ಜ್ವರ, ಕಾಮಾಲೆ, ಕಪ್ಪು ಮೂತ್ರ ಬರುತ್ತದೆ. ಹಾಗಾಗಿ ಜ್ವರದ ಜೊತೆ ಕಣ್ಣು ಹಳದಿಯಾದರೆ ಮನೆಮದ್ದು ಮಾಡುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಾಲಿನ ಮೀನಖಂಡ ಊದಿ ನೋವು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೂ ಅಷ್ಟೇ. ಈ ಕಾಯಿಲೆಯಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಬೇರೆಯವರಿಗಿಂತ ಜಾಸ್ತಿ.

## ಇನ್ನೂ ಸ್ವಲ್ಪ ಮುಂದಕ್ಕೆ

ಕಾಂಪ್ಲಿಮೆಂಟನ್ನೇ ತಡೆಯುವ ಹೊಸ ಔಷಧಿ ಬಂದಿದೆಯಂತೆ, ನಿಜಾನಾ?

ನಿಜ. ಸುಟಿಮ್ಲಿಮ್ಯಾಬ್ ಅಂತ ಅದರ ಹೆಸರು. 2022ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಾಂಪ್ಲಿಮೆಂಟ್ ಸರಣಿಯ ಶುರುವಿನಲ್ಲೇ ಇರುವ ಸಿ1ಎಸ್ ಅನ್ನುವುದನ್ನು ತಡೆಯುತ್ತದೆ, ಹಿಮೋಗ್ಲೋಬಿನ್ ಬೇಗ ಏರುತ್ತದೆ. ಆದರೆ ಪ್ರತಿಕಾಯ ತಯಾರಾಗುವುದು ನಿಲ್ಲುವುದಿಲ್ಲ. ಹಾಗಾಗಿ ಔಷಧಿಯನ್ನು ಎರಡು ವಾರಕ್ಕೊಮ್ಮೆ ಮುಂದುವರಿಸುತ್ತಲೇ ಇರಬೇಕು. ಬೆರಳು ನೀಲಿಯಾಗುವುದು ಕಣಗಳು ಗುಂಪು ಕಟ್ಟುವುದರಿಂದ, ಅದಕ್ಕೆ ಇದರಿಂದ ಪರಿಹಾರ ಇಲ್ಲ. ಮೆನಿಂಜೈಟಿಸ್, ನ್ಯುಮೋನಿಯಾ ತರುವ ಕೆಲವು ಬ್ಯಾಕ್ಟೀರಿಯಾಗಳ ವಿರುದ್ಧ ಮೊದಲೇ ಲಸಿಕೆ ಬೇಕು.

ಬೇರೆ ಯಾವುದಾದರೂ ಆಪರೇಷನ್ ಬಂದರೆ?

ಮಂಡಿಯದೋ ಹರ್ನಿಯಾದ್ದೋ ಇರಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ತಿಳಿಸಿ. ಆಪರೇಷನ್ ಥಿಯೇಟರ್ ಎಸಿಯಲ್ಲಿ ತಣ್ಣಗಿರುತ್ತದೆ. ಕೋಣೆ ಬೆಚ್ಚಗಿಡಲು, ಬಿಸಿಗಾಳಿಯ ಹೊದಿಕೆ ಹಾಕಲು ಅವರಿಗೆ ಸಿದ್ಧತೆ ಬೇಕು. ಹೃದಯದ ಆಪರೇಷನ್ ಆದರೆ ಇನ್ನೂ ಮುಖ್ಯ. ಅಲ್ಲಿ ಎಷ್ಟೋ ಸಲ ಮೈಯನ್ನೂ ಹೃದಯವನ್ನೂ ಬೇಕೆಂದೇ ತಣ್ಣಗೆ ಮಾಡುತ್ತಾರೆ. ಈ ಕಾಯಿಲೆ ಇದ್ದರೆ ಮೈಯ ಬಿಸಿ ಇಳಿಸದೆ ಮಾಡುವ ಯೋಜನೆ ಹಾಕಬೇಕಾಗುತ್ತದೆ. ಪ್ರತಿಕಾಯ ಎಷ್ಟು ಡಿಗ್ರಿಯ ತನಕ ಕೆಲಸ ಮಾಡುತ್ತದೆ ಅನ್ನುವ ಟೆಸ್ಟನ್ನು ಮುಂಚೆಯೇ ಮಾಡಿಸುತ್ತಾರೆ. ಬೇಕಾದರೆ ಪ್ಲಾಸ್ಮಾ ಬದಲಾಯಿಸಿ ಪ್ರತಿಕಾಯವನ್ನು ತಾತ್ಕಾಲಿಕವಾಗಿ ಇಳಿಸುತ್ತಾರೆ. ಅಕ್ಕನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆ ಒಂದು ಚೀಟಿ ಇರುತ್ತದೆ: ಕಾಯಿಲೆಯ ಹೆಸರು, ರಕ್ತದ ಗುಂಪು, ಡಾಕ್ಟರ ಫೋನ್ ನಂಬರ್, "ರಕ್ತ, ಸಲೈನ್ ಬಿಸಿ ಮಾಡಿಯೇ ಕೊಡಿ" ಅನ್ನುವ ಒಂದು ಸಾಲು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಮಳೆಗೆ ನೆನೆಯದಂತೆ ಲ್ಯಾಮಿನೇಷನ್ ಮಾಡಿಸಿಟ್ಟಿದ್ದೇವೆ. ನೀವೂ ಮಾಡಿಸಿಡಿ.